ಕಣ್ಣು ತೆರೆದಿದೆ, ಅರಿವು ಇದೆಯೆ?

ಯಾರಾದರೂ ಕುಸಿದು ಬಿದ್ದಾಗ ನಾವು ಏನೇನೋ ಹೇಳುತ್ತೇವೆ. ಜ್ಞಾನ ತಪ್ಪಿತು, ಎಚ್ಚರ ತಪ್ಪಿತು, ಸ್ಮೃತಿ ತಪ್ಪಿತು, ಪ್ರಜ್ಞೆ ಹೋಯ್ತು, ಮೂರ್ಛೆ ಬಂತು. ಮನೆಮಾತಿನಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದೇ. ಅವರು ಬಹಳ ದಿನ ಏಳದಿದ್ದರೆ ‘ಕೋಮಾಕ್ಕೆ ಹೋಗಿದ್ದಾರೆ’ ಅಂತ ಇನ್ನೊಂದು ಮಾತು ಸೇರುತ್ತದೆ. ಪತ್ರಿಕೆಗಳಲ್ಲಿ ‘ಜೀವಚ್ಛವ’ ಎಂಬ ಮಾತೂ ಬರುತ್ತದೆ.

ನರವೈದ್ಯರಿಗೆ ಮಾತ್ರ ಇವೆಲ್ಲ ಒಂದೇ ಅಲ್ಲ. ಹಾಸಿಗೆಯಲ್ಲಿ ಅಲುಗಾಡದೆ ಮಲಗಿರುವ ನಾಲ್ಕು ಜನ ನಾಲ್ಕು ಬೇರೆ ಬೇರೆ ಸ್ಥಿತಿಯಲ್ಲಿ ಇರಬಹುದು. ಒಬ್ಬರಿಗೆ ಏನೂ ತಿಳಿಯದೆ ಇರಬಹುದು. ಇನ್ನೊಬ್ಬರಿಗೆ ನಾವು ಆಡುವ ಮಾತೆಲ್ಲ ಕೇಳಿಸಿ, ಅರ್ಥವೂ ಆಗುತ್ತಿರಬಹುದು. ಯಾರು ಯಾವ ಸ್ಥಿತಿಯಲ್ಲಿದ್ದಾರೆ ಎಂದು ಸರಿಯಾಗಿ ಗುರುತಿಸುವುದು ಹೇಗೆ? ತಪ್ಪಿದರೆ ಏನಾಗುತ್ತದೆ? ಈ ಲೇಖನದಲ್ಲಿ ಅದನ್ನೇ ನೋಡೋಣ.

ಎಚ್ಚರ ಬೇರೆ, ಅರಿವು ಬೇರೆ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ಪ್ರಜ್ಞೆ ಎಂದರೆ ಒಂದೇ ವಸ್ತುವಲ್ಲ. ಅದಕ್ಕೆ ಎರಡು ಭಾಗಗಳಿವೆ. ಒಂದು ಎಚ್ಚರ, ಅಂದರೆ ಕಣ್ಣು ತೆರೆದು ಎದ್ದಿರುವುದು. ಇನ್ನೊಂದು ಅರಿವು, ಅಂದರೆ ನಾನು ಯಾರು, ನನ್ನ ಸುತ್ತ ಏನು ನಡೆಯುತ್ತಿದೆ ಎಂಬ ತಿಳಿವು.

ಕೋಣೆಯ ದೀಪವನ್ನು ನೆನೆಸಿಕೊಳ್ಳಿ. ಮೇನ್ ಸ್ವಿಚ್ ಆನ್ ಆಗಿರುವುದು ಎಚ್ಚರ. ಬಲ್ಬುಗಳು ಬೆಳಗುವುದು ಅರಿವು. ಮೇನ್ ಸ್ವಿಚ್ ಆಫ್ ಆದರೆ ಯಾವ ಬಲ್ಬೂ ಉರಿಯುವುದಿಲ್ಲ. ಆದರೆ ಮೇನ್ ಸ್ವಿಚ್ ಆನ್ ಇದ್ದು, ಬಲ್ಬುಗಳೆಲ್ಲ ಸುಟ್ಟುಹೋಗಿದ್ದರೂ ಕತ್ತಲೆಯೇ ಅಲ್ಲವೆ? ಅಂದರೆ ಅರಿವಿಲ್ಲದ ಎಚ್ಚರ ಸಾಧ್ಯ. ವಿಚಿತ್ರ ಅನ್ನಿಸಿದರೂ ಇದು ನಿಜ. ಇದನ್ನು ಒಪ್ಪಿಕೊಂಡರೆ ಮುಂದಿನದೆಲ್ಲ ಸುಲಭ.

ಈ ಮೇನ್ ಸ್ವಿಚ್ ಇರುವುದು ಮಿದುಳುಕಾಂಡದಲ್ಲಿ. ಮಿದುಳುಬಳ್ಳಿ ಮೇಲೇರಿ ಮಿದುಳನ್ನು ಸೇರುವ ಜಾಗದಲ್ಲಿ ಹೆಬ್ಬೆರಳಿನ ಗಾತ್ರದ ಈ ಭಾಗವಿದೆ. ಇದರೊಳಗೆ ಬಲೆಯಂತೆ ಹೆಣೆದುಕೊಂಡ ನರಕೋಶಗಳ ಗುಂಪಿಗೆ ರೆಟಿಕ್ಯುಲಾರ್ ಫಾರ್ಮೇಶನ್ ಎಂದು ಹೆಸರು. 1949ರಲ್ಲಿ ಜುಸೆಪ್ಪೆ ಮೊರುಜ್ಜಿ ಮತ್ತು ಹೊರೇಸ್ ಮಗೂನ್ ಎಂಬ ವಿಜ್ಞಾನಿಗಳು ಬೆಕ್ಕುಗಳಲ್ಲಿ ಈ ಭಾಗಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟಾಗ ಮಿದುಳಿನ ಅಲೆಗಳು ನಿದ್ದೆಯ ರೀತಿಯಿಂದ ಎಚ್ಚರದ ರೀತಿಗೆ ಬದಲಾದವು.

ಬಲ್ಬುಗಳಿರುವುದು ಮೇಲೆ, ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ. ನೋಡುವುದು, ಕೇಳಿದ್ದನ್ನು ಅರ್ಥಮಾಡಿಕೊಳ್ಳುವುದು, ನೆನಪು, ಯೋಚನೆ ಎಲ್ಲಕ್ಕೂ ಈ ಪದರವೇ ಬೇಕು. ಮಿದುಳುಕಾಂಡಕ್ಕೂ ಕಾರ್ಟೆಕ್ಸಿಗೂ ನಡುವೆ ಥಲಾಮಸ್ ಎಂಬ ಜಂಕ್ಷನ್ ಇದೆ. ಈ ಮೂರರ ನಡುವೆ ಸಂಪರ್ಕ ಸರಿಯಾಗಿದ್ದರೆ ಮಾತ್ರ ನೀವು ಈ ಸಾಲನ್ನು ಓದಿ ಅರ್ಥಮಾಡಿಕೊಳ್ಳಬಲ್ಲಿರಿ.

ಮಿದುಳು ನಮ್ಮ ದೇಹದ ತೂಕದಲ್ಲಿ ಸುಮಾರು 2 ಶೇಕಡಾ ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20 ಶೇಕಡಾ ಅದಕ್ಕೇ ಬೇಕು. ಹೀಗಾಗಿ ಹೃದಯ ನಿಂತರೆ, ನೀರಲ್ಲಿ ಮುಳುಗಿದರೆ, ಕುತ್ತಿಗೆ ಬಿಗಿದರೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಮೊದಲು ಹೆಚ್ಚು ಹಾನಿಯಾಗುವುದು ಕಾರ್ಟೆಕ್ಸಿಗೆ. ಮಿದುಳುಕಾಂಡ ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ. ಬಲ್ಬು ಸುಟ್ಟು ಸ್ವಿಚ್ ಉಳಿಯುವುದು ಹೀಗೆ.

ಒಂದೊಂದೇ ಸ್ಥಿತಿ

ಬಿಸಿಲಲ್ಲಿ ಅಸೆಂಬ್ಲಿಗೆ ನಿಂತ ಹುಡುಗ ತಲೆ ತಿರುಗಿ ಬಿದ್ದು, ಮಲಗಿಸಿದ ಕೂಡಲೇ ಕಣ್ಣು ಬಿಟ್ಟರೆ ಅದು ಮೂರ್ಛೆ. ಮಿದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ಕಡಿಮೆಯಾಗಿ ಮತ್ತೆ ಸರಿಯಾಯಿತು, ಅಷ್ಟೆ. ಪ್ರಜ್ಞೆಯ ತೊಂದರೆಗಳು ಎಂದು ನರವೈದ್ಯರು ವಿಂಗಡಿಸುವುದು ಹೀಗೆ ಬೇಗ ಸರಿಹೋಗದ ಸ್ಥಿತಿಗಳನ್ನು.

ಕೋಮಾ: ಇಲ್ಲಿ ಎಚ್ಚರವೂ ಇಲ್ಲ, ಅರಿವೂ ಇಲ್ಲ. ಕಣ್ಣು ಮುಚ್ಚಿಯೇ ಇರುತ್ತದೆ. ಜೋರಾಗಿ ಕರೆದರೂ, ನೋವಾಗುವಂತೆ ಒತ್ತಿದರೂ ತೆರೆಯುವುದಿಲ್ಲ. ಇದು ಗಾಢ ನಿದ್ದೆಯಲ್ಲ. ನಿದ್ದೆಯಲ್ಲಿರುವವರನ್ನು ಎಬ್ಬಿಸಬಹುದು, ಕೋಮಾದಲ್ಲಿರುವವರನ್ನು ಎಬ್ಬಿಸಲಾಗದು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಿಜವಾದ ಕೋಮಾ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಇರುವುದಿಲ್ಲ. ಅಷ್ಟರಲ್ಲಿ ರೋಗಿ ಚೇತರಿಸಿಕೊಳ್ಳುತ್ತಾರೆ, ಇಲ್ಲವೆ ತೀರಿಕೊಳ್ಳುತ್ತಾರೆ, ಇಲ್ಲವೆ ಮುಂದಿನ ಸ್ಥಿತಿಗೆ ಹೋಗುತ್ತಾರೆ. ಸಿನಿಮಾದಲ್ಲಿ ತೋರಿಸುವ ‘ಹತ್ತು ವರ್ಷದ ಕೋಮಾ’ ನಿಜವಾಗಿ ಕೋಮಾ ಅಲ್ಲ.

ಪ್ರತಿಕ್ರಿಯೆಯಿಲ್ಲದ ಎಚ್ಚರ: ಕಣ್ಣು ತೆರೆಯುತ್ತದೆ, ರಾತ್ರಿ ಮುಚ್ಚುತ್ತದೆ. ಉಸಿರಾಟ ತಾನಾಗಿ ನಡೆಯುತ್ತದೆ. ಆಕಳಿಸಬಹುದು, ನರಳಬಹುದು, ಒಮ್ಮೊಮ್ಮೆ ನಕ್ಕಂತೆಯೂ ಕಾಣಬಹುದು. ಆದರೆ ಇವೆಲ್ಲ ಪ್ರತಿವರ್ತನೆಗಳು. ಉದ್ದೇಶವಿಟ್ಟು ಮಾಡಿದ್ದು ಎನ್ನುವುದಕ್ಕೆ ಒಂದೂ ಗುರುತು ಸಿಗುವುದಿಲ್ಲ. 1972ರಲ್ಲಿ ಬ್ರಯನ್ ಜೆನೆಟ್ ಮತ್ತು ಫ್ರೆಡ್ ಪ್ಲಮ್ ಎಂಬ ವೈದ್ಯರು ಇದಕ್ಕೆ ವೆಜಿಟೇಟಿವ್ ಸ್ಥಿತಿ ಎಂದು ಹೆಸರಿಟ್ಟರು. ಮನುಷ್ಯರನ್ನು ತರಕಾರಿಗೆ ಹೋಲಿಸಿದಂತೆ ಕೇಳಿಸುತ್ತದೆ ಎಂದು ಅನೇಕರಿಗೆ ಈ ಹೆಸರು ಹಿಡಿಸಲಿಲ್ಲ. 2010ರಲ್ಲಿ ಯುರೋಪಿನ ವೈದ್ಯರು ‘ಪ್ರತಿಕ್ರಿಯೆಯಿಲ್ಲದ ಎಚ್ಚರ’ ಎಂಬ ಅರ್ಥದ ಹೊಸ ಹೆಸರನ್ನು ಸೂಚಿಸಿದರು. ಕಣ್ಣಿಗೆ ಕಂಡದ್ದನ್ನಷ್ಟೇ ಈ ಹೆಸರು ಹೇಳುತ್ತದೆ. ಒಳಗೆ ಏನೂ ಇಲ್ಲ ಎಂದು ತೀರ್ಪು ಕೊಡುವುದಿಲ್ಲ. ನಮ್ಮ ‘ಜೀವಚ್ಛವ’ ಎಂಬ ಮಾತನ್ನೂ ಇದೇ ಕಾರಣಕ್ಕೆ ಬಿಡುವುದು ಒಳ್ಳೆಯದು.

ಅಲ್ಪಪ್ರಜ್ಞೆಯ ಸ್ಥಿತಿ: ಇಲ್ಲಿ ಅರಿವಿನ ಗುರುತುಗಳು ಕಾಣುತ್ತವೆ, ಆದರೆ ಬಂದು ಬಂದು ಹೋಗುತ್ತವೆ. ಬೆಳಿಗ್ಗೆ ‘ಕೈ ಎತ್ತಿ’ ಅಂದರೆ ಎತ್ತುತ್ತಾರೆ, ಮಧ್ಯಾಹ್ನ ಎತ್ತುವುದಿಲ್ಲ. ಕಣ್ಣು ಚಲಿಸುವ ವಸ್ತುವನ್ನು ಹಿಂಬಾಲಿಸುತ್ತದೆ. ಮಗಳ ದನಿ ಕೇಳಿದಾಗ ಮಾತ್ರ ಅಳು ಬರುತ್ತದೆ. ಇದನ್ನು ಬೇರೆ ಗುಂಪಾಗಿ ವಿವರಿಸಿದ್ದು 2002ರಲ್ಲಿ, ಜೋಸೆಫ್ ಜಾಚೀನೊ ಮತ್ತು ಸಂಗಡಿಗರು. ಈ ಗುಂಪಿನವರು ಚೇತರಿಸಿಕೊಳ್ಳುವ ಸಾಧ್ಯತೆ ಹಿಂದಿನ ಗುಂಪಿನವರಿಗಿಂತ ಹೆಚ್ಚು.

ಅಮೆರಿಕದ ಟೆರಿ ವಾಲಿಸ್ ಎಂಬವರು 1984ರಲ್ಲಿ ವಾಹನ ಅಪಘಾತದಲ್ಲಿ ಗಾಯಗೊಂಡಿದ್ದರು. 2003ರಲ್ಲಿ, 19 ವರ್ಷದ ಮೇಲೆ, ‘ಅಮ್ಮ’ ಎಂದು ಮಾತನಾಡಿದರು. ‘19 ವರ್ಷದ ಕೋಮಾದಿಂದ ಎದ್ದರು’ ಅಂತ ಸುದ್ದಿಯಾಯಿತು. ಆದರೆ ಅವರು ಇದ್ದದ್ದು ಅಲ್ಪಪ್ರಜ್ಞೆಯ ಸ್ಥಿತಿಯಲ್ಲಿ.

ಲಾಕ್ಡ್-ಇನ್ ಸ್ಥಿತಿ: ಇದು ಪ್ರಜ್ಞೆಯ ತೊಂದರೆಯೇ ಅಲ್ಲ, ಆದರೆ ಹಾಗೆ ಕಾಣುತ್ತದೆ. ಮಿದುಳುಕಾಂಡದ ಪಾನ್ಸ್ ಎಂಬ ಭಾಗದ ಮುಂಬದಿಗೆ ಹಾನಿಯಾದರೆ ಕೈಕಾಲು, ನಾಲಗೆ, ಮುಖ ಯಾವುದೂ ಅಲ್ಲಾಡುವುದಿಲ್ಲ. ಅರಿವು ಮಾತ್ರ ಪೂರ್ತಿ ಇರುತ್ತದೆ. ಸಾಮಾನ್ಯವಾಗಿ ಕಣ್ಣನ್ನು ಮೇಲೆ ಕೆಳಗೆ ಆಡಿಸಲು, ರೆಪ್ಪೆ ಮಿಟುಕಿಸಲು ಆಗುತ್ತದೆ. ಫ್ರಾನ್ಸಿನ ಪತ್ರಿಕಾ ಸಂಪಾದಕ ಜೀನ್ ಡೊಮಿನಿಕ್ ಬೋಬಿ 1995ರಲ್ಲಿ ಪಾರ್ಶ್ವವಾಯುವಿನಿಂದ ಈ ಸ್ಥಿತಿಗೆ ಬಂದರು. ಇನ್ನೊಬ್ಬರು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಬೋಬಿ ಎಡಗಣ್ಣಿನ ರೆಪ್ಪೆ ಮಿಟುಕಿಸುವುದು. ಹೀಗೆ ಅವರು ಒಂದು ಇಡೀ ಪುಸ್ತಕ ಬರೆಸಿದರು. ಅದು 1997ರಲ್ಲಿ ಪ್ರಕಟವಾಯಿತು.

ಮಿದುಳು ಸಾವು: ಇದನ್ನು ಕೋಮಾದ ಜೊತೆ ಬೆರೆಸಬಾರದು. ಇಲ್ಲಿ ಮಿದುಳುಕಾಂಡವೂ ಶಾಶ್ವತವಾಗಿ ಕೆಲಸ ನಿಲ್ಲಿಸಿರುತ್ತದೆ. ಯಂತ್ರ ಉಸಿರಾಡಿಸುವುದರಿಂದ ಎದೆ ಏರಿಳಿಯುತ್ತದೆ, ಹೃದಯವೂ ಸ್ವಲ್ಪ ಕಾಲ ಬಡಿಯುತ್ತದೆ. ಆದರೆ ಮರಳುವ ದಾರಿ ಇಲ್ಲ. ಭಾರತದಲ್ಲಿ 1994ರ ಅಂಗಾಂಗ ಕಸಿ ಕಾಯಿದೆ ಇದನ್ನು ಗುರುತಿಸಿದೆ. ವೈದ್ಯರ ಮಂಡಳಿ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ಆಮೇಲೆ ಕುಟುಂಬದವರು ಒಪ್ಪಿದರೆ ಅಂಗಾಂಗ ದಾನ ಮಾಡಬಹುದು.

ಒಂದೇ ನೋಟದಲ್ಲಿ:

ಕೋಮಾ – ಎಚ್ಚರ ಇಲ್ಲ, ಅರಿವು ಇಲ್ಲ.
ಪ್ರತಿಕ್ರಿಯೆಯಿಲ್ಲದ ಎಚ್ಚರ – ಎಚ್ಚರ ಇದೆ, ಅರಿವಿನ ಗುರುತಿಲ್ಲ.
ಅಲ್ಪಪ್ರಜ್ಞೆ – ಎಚ್ಚರ ಇದೆ, ಅರಿವು ಬಂದು ಹೋಗುತ್ತದೆ.
ಲಾಕ್ಡ್-ಇನ್ – ಎಚ್ಚರ ಇದೆ, ಅರಿವು ಪೂರ್ತಿ ಇದೆ, ಚಲನೆ ಇಲ್ಲ.
ಮಿದುಳು ಸಾವು – ಎರಡೂ ಇಲ್ಲ, ಮರಳುವುದೂ ಇಲ್ಲ.

ಅಂಕ ಕೊಡುವ ಲೆಕ್ಕ

ಅಪಘಾತವಾದ ಕೂಡಲೇ ಆಸ್ಪತ್ರೆಯಲ್ಲಿ ‘ಜಿಸಿಎಸ್ ಎಷ್ಟು?’ ಅಂತ ಕೇಳುವುದನ್ನು ನೀವು ಕೇಳಿರಬಹುದು. ಅದು ಗ್ಲಾಸ್ಗೋ ಕೋಮಾ ಸ್ಕೇಲ್. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಒಬ್ಬ ವೈದ್ಯರು ‘ಮಂಪರು’ ಅಂತ ಬರೆದರೆ ಇನ್ನೊಬ್ಬರು ‘ಅರೆಪ್ರಜ್ಞೆ’ ಅಂತ ಬರೆಯುತ್ತಿದ್ದರು. ರೋಗಿ ನಿನ್ನೆಗಿಂತ ಇವತ್ತು ಚೆನ್ನಾಗಿದ್ದಾರೋ ಇಲ್ಲವೋ ಎಂದು ಹೋಲಿಸುವುದೇ ಕಷ್ಟವಾಗಿತ್ತು. ಈಗ ಬಳಕೆಯಲ್ಲಿರುವ ಅಂಕಗಳು ಹೀಗಿವೆ.

ಕಣ್ಣು: ತಾನಾಗಿ ತೆರೆದಿದ್ದರೆ 4, ಕರೆದಾಗ ತೆರೆದರೆ 3, ಒತ್ತಿ ನೋವು ಮಾಡಿದಾಗ ತೆರೆದರೆ 2, ತೆರೆಯದಿದ್ದರೆ 1.

ಮಾತು: ಸರಿಯಾಗಿ ಉತ್ತರಿಸಿದರೆ 5, ಗೊಂದಲದ ಉತ್ತರಕ್ಕೆ 4, ಬಿಡಿ ಶಬ್ದಗಳಿಗೆ 3, ಬರೀ ದನಿಗೆ 2, ಏನೂ ಇಲ್ಲದಿದ್ದರೆ 1.

ಚಲನೆ: ಹೇಳಿದಂತೆ ಮಾಡಿದರೆ 6, ನೋವಾದ ಜಾಗಕ್ಕೆ ಕೈ ತಂದರೆ 5, ಕೈಯನ್ನು ಹಿಂದಕ್ಕೆ ಎಳೆದುಕೊಂಡರೆ 4, ಅಸಹಜವಾಗಿ ಮಡಚಿದರೆ 3, ಸೆಟೆದು ಚಾಚಿದರೆ 2, ಏನೂ ಇಲ್ಲದಿದ್ದರೆ 1.

ಒಟ್ಟು ಹೆಚ್ಚೆಂದರೆ 15, ಕಡಿಮೆಯೆಂದರೆ 3. ಸೊನ್ನೆ ಇಲ್ಲವೇ ಇಲ್ಲ. ಮೇಜಿನ ಮೇಲಿನ ಕಲ್ಲಿಗೂ ಈ ಲೆಕ್ಕದಲ್ಲಿ 3 ಬರುತ್ತದೆ! ಸಾಮಾನ್ಯವಾಗಿ 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸ್ಥಿತಿ ಗಂಭೀರ, ಕೋಮಾ ಎಂದು ಪರಿಗಣಿಸುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ಅರಿವಿಲ್ಲದೆ ಎಚ್ಚರವಾಗಿರುವ ರೋಗಿಯೊಬ್ಬರು ಕಣ್ಣು ತೆರೆದಿದ್ದಾರೆ: 4. ನರಳುತ್ತಾರೆ: 2. ನೋವಿಗೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ: 4. ಒಟ್ಟು 10. ಇನ್ನು ಲಾಕ್ಡ್-ಇನ್ ಸ್ಥಿತಿಯವರು. ಕಣ್ಣಿಗೆ 4, ಮಾತಿಗೆ 1, ಕೈಕಾಲಿನ ಚಲನೆಗೆ 1. ಒಟ್ಟು 6. ನೋಡಿದಿರಾ? ಎಲ್ಲವನ್ನೂ ತಿಳಿಯುತ್ತಿರುವವರಿಗೆ 6, ಏನೂ ತಿಳಿಯದವರಿಗೆ 10! ಅಂಕಪಟ್ಟಿ ಸುಳ್ಳು ಎಂದು ಇದರ ಅರ್ಥವಲ್ಲ. ಅದು ಅಳೆಯುವುದು ಹೊರಗೆ ಕಾಣುವ ವರ್ತನೆಯನ್ನು ಮಾತ್ರ. ಒಳಗಿನ ಅರಿವನ್ನು ನಾವು ಊಹಿಸಿಕೊಳ್ಳುತ್ತೇವೆ. ಅದಕ್ಕೇ ಒಳ್ಳೆಯ ವೈದ್ಯರು ಬರೀ ಒಟ್ಟು ಅಂಕ ಬರೆಯದೆ ಮೂರನ್ನೂ ಬಿಡಿಬಿಡಿಯಾಗಿ ಬರೆಯುತ್ತಾರೆ.

ಹಳದೀಪುರದ ಅರುಣಾ

ನಮ್ಮ ದೇಶದಲ್ಲಿ ಈ ವಿಂಗಡಣೆ ಸುಪ್ರೀಂ ಕೋರ್ಟಿನ ತನಕ ಹೋದದ್ದು ಒಬ್ಬ ಕನ್ನಡ ನಾಡಿನ ಹೆಣ್ಣುಮಗಳಿಂದ. ಅರುಣಾ ಶಾನಭಾಗ್ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅವರ ಮೇಲೆ ಕ್ರೂರ ಹಲ್ಲೆ ನಡೆಯಿತು. ಕುತ್ತಿಗೆಯನ್ನು ಸರಪಳಿಯಿಂದ ಬಿಗಿದಿದ್ದರಿಂದ ಮಿದುಳಿಗೆ ಆಮ್ಲಜನಕ ಹೋಗಲಿಲ್ಲ. ಆಗ ಅವರಿಗೆ 25 ವರ್ಷ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ನರ್ಸ್‌ಗಳು ಪಾಳಿ ಪಾಳಿಯಾಗಿ ಅವರನ್ನು ನೋಡಿಕೊಂಡರು.

ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಸಾಯಲು ಬಿಡಬೇಕು ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ, ನ್ಯಾಯಾಲಯ ಮೂವರು ವೈದ್ಯರನ್ನು ಕಳಿಸಿ ಪರೀಕ್ಷೆ ಮಾಡಿಸಿತು. ಮಿದುಳು ಸಾವು ಅಲ್ಲ, ಕೋಮಾ ಕೂಡ ಅಲ್ಲ, ವೆಜಿಟೇಟಿವ್ ಸ್ಥಿತಿಯ ಹೆಚ್ಚಿನ ಲಕ್ಷಣಗಳಿವೆ ಎಂದು ಅವರು ವರದಿ ಕೊಟ್ಟರು. 2011ರ ಮಾರ್ಚ್ 7ರಂದು ನ್ಯಾಯಾಲಯ ಅರ್ಜಿಯನ್ನು ಒಪ್ಪಲಿಲ್ಲ. ಆದರೆ ಇಂಥ ಪ್ರಕರಣಗಳಲ್ಲಿ ಕೃತಕ ಜೀವರಕ್ಷಣೆಯನ್ನು ಯಾವಾಗ, ಯಾರ ಅನುಮತಿಯಿಂದ ಹಿಂತೆಗೆಯಬಹುದು ಎಂಬುದಕ್ಕೆ ಮೊದಲ ಸಲ ನಿಯಮಗಳನ್ನು ಹಾಕಿಕೊಟ್ಟಿತು. ವೈದ್ಯರು ಬರೆಯುವ ಒಂದು ಹೆಸರಿಗೆ ಎಷ್ಟು ಭಾರವಿದೆ ನೋಡಿ. ಚಿಕಿತ್ಸೆ ಮುಂದುವರಿಯಬೇಕೆ, ಕುಟುಂಬ ಆಸೆ ಇಟ್ಟುಕೊಳ್ಳಬೇಕೆ, ನೋವಿನ ಔಷಧ ಕೊಡಬೇಕೆ, ಎಲ್ಲವೂ ಅದರ ಮೇಲೆ ನಿಂತಿವೆ.

ಹತ್ತರಲ್ಲಿ ನಾಲ್ಕು ತಪ್ಪು

ಆ ಹೆಸರು ತಪ್ಪಾಗುವುದುಂಟೆ? ಉಂಟು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೆಜಿಟೇಟಿವ್ ಎಂದು ಗುರುತಿಸಿದ್ದ 44 ಜನರನ್ನು ಎಚ್ಚರಿಕೆಯಿಂದ ಮತ್ತೆ ಪರೀಕ್ಷಿಸಿದರು. ಅವರಲ್ಲಿ 18 ಜನರಿಗೆ, ಅಂದರೆ 41 ಶೇಕಡಾ ಮಂದಿಗೆ, ಅಲ್ಪಪ್ರಜ್ಞೆ ಇತ್ತು. ಮರುಪರೀಕ್ಷೆಗೆ ಬಳಸಿದ್ದು 2004ರಲ್ಲಿ ಬಂದ, ಒಟ್ಟು 23 ಅಂಕಗಳ ಇನ್ನೊಂದು ಅಳತೆಗೋಲು. ಕೇಳುವಿಕೆ, ನೋಟ, ಚಲನೆ, ಬಾಯಿ ಮತ್ತು ಮಾತು, ಸಂವಹನ, ಎಚ್ಚರ ಎಂಬ ಆರು ಭಾಗಗಳನ್ನು ಅದು ಒಂದೊಂದಾಗಿ ನೋಡುತ್ತದೆ. ಅಲ್ಪಪ್ರಜ್ಞೆ ಬಂದು ಹೋಗುವಂಥದ್ದು. ಆದ್ದರಿಂದ ಒಂದೇ ಸಲ ನೋಡಿ ತೀರ್ಮಾನಿಸಬಾರದು, ಬೇರೆ ಬೇರೆ ದಿನ ನೋಡಬೇಕು.

ಹೇಗೆ ಪರೀಕ್ಷಿಸುತ್ತೇವೆ ಎಂಬುದೂ ಮುಖ್ಯ. ಕಣ್ಣು ಹಿಂಬಾಲಿಸುತ್ತದೆಯೇ ಎಂದು ನೋಡಲು ಪೆನ್ನು ಆಡಿಸುವುದಕ್ಕಿಂತ ಕನ್ನಡಿ ಆಡಿಸುವುದು ಒಳ್ಳೆಯದು ಎಂದು ಕಂಡುಬಂದಿದೆ. ಪೆನ್ನನ್ನು ಹಿಂಬಾಲಿಸದ ಕಣ್ಣು ತನ್ನದೇ ಮುಖವನ್ನು ಹಿಂಬಾಲಿಸಬಹುದು.

ಗಡಿನಾಡಿನ ನಾವು ಇಲ್ಲಿ ಇನ್ನೊಂದು ವಿಷಯ ಯೋಚಿಸಬೇಕು. ಕನ್ನಡ ಬಿಟ್ಟು ಬೇರೆ ಮಾತು ಬಾರದ ಅಜ್ಜಿಯೊಬ್ಬರ ತಲೆಗೆ ಪೆಟ್ಟಾಗಿದೆ ಎಂದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಒಂದು ಕಡೆ ‘ಕೈ ಪೊಕ್ಕೂ’ ಎನ್ನುತ್ತಾರೆ, ಇನ್ನೊಂದು ಕಡೆ ‘ಹಾತ್ ವರ್ ಕರಾ’, ಮತ್ತೊಂದು ಕಡೆ ‘ಚೆಯ್ಯಿ ಎತ್ತಂಡಿ’. ಅಜ್ಜಿ ಕೈ ಎತ್ತುವುದಿಲ್ಲ. ಅರಿವಿಲ್ಲದೆ ಎತ್ತಲಿಲ್ಲವೋ, ಮಾತು ತಿಳಿಯದೆ ಎತ್ತಲಿಲ್ಲವೋ? ಚಲನೆಗೆ 6 ಸಿಗಬೇಕಾದಲ್ಲಿ 5 ಸಿಗಬಹುದು. ಅವರು ಕನ್ನಡದಲ್ಲಿ ಮೆಲ್ಲನೆ ಏನೋ ಹೇಳಿದರೆ, ಕೇಳಿದವರಿಗೆ ಅದು ಬರೀ ದನಿಯಾಗಿ ಕೇಳಿಸಿ 2 ಅಂಕ ಬೀಳಬಹುದು. ತುಳು, ಬಡಗ, ಲಂಬಾಣಿ ಮನೆಮಾತಿನವರಿಗೂ ಇದೇ ತೊಂದರೆ.

ಇಲ್ಲಿ ನಿಮ್ಮ ಕೆಲಸವಿದೆ. ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಆ ರಾಜ್ಯದ ಭಾಷೆ ಮಾತನಾಡುವ ನೀವೇ ನಡುವಿನ ಸೇತುವೆ. ‘ಇವರಿಗೆ ಕನ್ನಡ ಮಾತ್ರ ಬರುತ್ತದೆ, ನಾನು ಹೇಳಿ ನೋಡಲೇ?’ ಎಂದು ವೈದ್ಯರನ್ನು ಕೇಳಲು ಹೆದರಬೇಡಿ. ಕಿವಿ ಮಂದವಾಗಿದ್ದರೆ, ಕನ್ನಡಕ ಹಾಕುವವರಾಗಿದ್ದರೆ, ಮೊದಲೇ ಒಂದು ಕೈ ಸ್ವಾಧೀನದಲ್ಲಿ ಇಲ್ಲದಿದ್ದರೆ ಅದನ್ನೂ ತಿಳಿಸಿ. ಇವೆಲ್ಲ ರೋಗನಿರ್ಣಯಕ್ಕೆ ಬೇಕಾದ ಮಾಹಿತಿಗಳೇ.

ಮನಸ್ಸಿನಲ್ಲೇ ಆಡಿದ ಟೆನಿಸ್

ಕೈ ಎತ್ತಲು ಆಗದವರಿಗೆ ಏನು ಮಾಡುವುದು? 2006ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು ಒಂದು ಜಾಣ ಉಪಾಯ ಮಾಡಿದರು. ರಸ್ತೆ ಅಪಘಾತದ ನಂತರ ವೆಜಿಟೇಟಿವ್ ಸ್ಥಿತಿಯಲ್ಲಿದ್ದ 23 ವರ್ಷದ ಮಹಿಳೆಯೊಬ್ಬರನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ‘ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಿ’ ಎಂದು ಹೇಳಿದರು. ಆಮೇಲೆ ‘ನಿಮ್ಮ ಮನೆಯ ಕೋಣೆಗಳಲ್ಲಿ ಓಡಾಡುವಂತೆ ಕಲ್ಪಿಸಿಕೊಳ್ಳಿ’ ಎಂದರು. ಟೆನಿಸ್ ಎಂದಾಗ ಚಲನೆಯನ್ನು ಯೋಜಿಸುವ ಭಾಗ ಚುರುಕಾಯಿತು. ಮನೆ ಎಂದಾಗ ದಾರಿ, ಜಾಗಗಳನ್ನು ನೆನಪಿಡುವ ಭಾಗ ಚುರುಕಾಯಿತು. ಆರೋಗ್ಯವಂತರ ಮಿದುಳಿನಲ್ಲಿ ಆಗುವುದೂ ಇದೇ.

2010ರಲ್ಲಿ ಇದೇ ವಿಧಾನದಿಂದ 54 ರೋಗಿಗಳನ್ನು ಪರೀಕ್ಷಿಸಿದಾಗ 5 ಜನ ಹೀಗೆ ಮಿದುಳಿನಿಂದ ಸ್ಪಂದಿಸಿದರು. ಅವರಲ್ಲಿ ಒಬ್ಬರಿಗೆ ‘ಹೌದು ಎನ್ನಲು ಟೆನಿಸ್, ಅಲ್ಲ ಎನ್ನಲು ಮನೆ’ ಎಂದು ಹೇಳಿಕೊಟ್ಟು ಪ್ರಶ್ನೆ ಕೇಳಿದರು. ತಂದೆಯ ಹೆಸರಿನಂಥ ಪ್ರಶ್ನೆಗಳಿಗೆ ಅವರು ಸರಿಯಾದ ಉತ್ತರ ಕೊಟ್ಟರು! 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಹೊರಗೆ ಯಾವ ಪ್ರತಿಕ್ರಿಯೆಯನ್ನೂ ತೋರದ 241 ಜನರಲ್ಲಿ 60 ಜನರ ಮಿದುಳು ಸೂಚನೆಯನ್ನು ಪಾಲಿಸುತ್ತಿದ್ದುದು ಎಫ್‌ಎಂಆರ್‌ಐ ಅಥವಾ ಇಇಜಿಯಲ್ಲಿ ಕಂಡಿತು. ಅಂದರೆ ಸುಮಾರು ನಾಲ್ವರಲ್ಲಿ ಒಬ್ಬರು. ಈ ಗುಂಪಿಗೆ ಈಗ ಬೇರೆಯೇ ಹೆಸರಿದೆ: ಅರಿವು ಮತ್ತು ಚಲನೆಯ ವಿಚ್ಛೇದ. ಹಾಗೆಂದು ಉಳಿದವರಿಗೆ ಅರಿವಿಲ್ಲ ಎಂದು ಖಚಿತವಾಗಿ ಹೇಳಲೂ ಆಗದು. ಹಾಸಿಗೆಯ ಪಕ್ಕದ ಪರೀಕ್ಷೆಯಲ್ಲಿ ಪಾಲಿಸಿದವರಲ್ಲೂ ಕೆಲವರು ಯಂತ್ರದಲ್ಲಿ ಸ್ಪಂದಿಸದೆ ಇರುವುದುಂಟು.

ಇಂಥ ಕಾರಣಗಳಿಂದ ವೈದ್ಯರ ಭಾಷೆಯೂ ಬದಲಾಗಿದೆ. ತಲೆಗೆ ಪೆಟ್ಟಾಗಿ 12 ತಿಂಗಳು, ಬೇರೆ ಕಾರಣವಾದರೆ 3 ತಿಂಗಳು ಕಳೆದ ವೆಜಿಟೇಟಿವ್ ಸ್ಥಿತಿಗೆ 1994ರಿಂದ ‘ಶಾಶ್ವತ’ ಎನ್ನುತ್ತಿದ್ದರು. 2018ರಲ್ಲಿ ಅಮೆರಿಕದ ನರವೈದ್ಯರ ಮಾರ್ಗಸೂಚಿ ಆ ಪದವನ್ನು ಬಿಟ್ಟು ‘ದೀರ್ಘಕಾಲದ’ ಎನ್ನಬೇಕೆಂದಿತು. ತಡವಾಗಿ ಚೇತರಿಸಿಕೊಳ್ಳುವವರು ಕಡಿಮೆ, ಆದರೆ ಇದ್ದಾರೆ.

ನಾವು ಏನು ಮಾಡಬಹುದು?

ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದರೆ ಕೂಡಲೇ 108 ಅಥವಾ 112ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದಾರೆಯೇ ನೋಡಿ. ಉಸಿರಾಟ ಸರಿಯಾಗಿದ್ದು, ಕುತ್ತಿಗೆಗೆ ಪೆಟ್ಟಾದ ಅನುಮಾನ ಇಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಬಾಯಿಗೆ ನೀರು ಹಾಕಲೇಬೇಡಿ, ಅದು ಶ್ವಾಸಕೋಶಕ್ಕೆ ಹೋಗಬಹುದು. ಮೂಗಿಗೆ ಈರುಳ್ಳಿ ಹಿಡಿಯುವುದು, ಕೈಗೆ ಕಬ್ಬಿಣ ಕೊಡುವುದು ಇವುಗಳಿಂದ ಏನೂ ಪ್ರಯೋಜನವಿಲ್ಲ. ಬೈಕಿನಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು ಎಂದು ಮನೆಯಲ್ಲಿ ಹೇಳಿ.

ಇನ್ನು, ಅಲುಗಾಡದೆ ಮಲಗಿರುವ ರೋಗಿಯ ಮುಂದೆ ‘ಇವರಿಗೇನು ಗೊತ್ತಾಗುತ್ತೆ’ ಅಂತ ಮಾತನಾಡಬೇಡಿ. ಹೆಸರು ಹಿಡಿದು ಕರೆಯಿರಿ, ಅವರ ಮನೆಮಾತಿನಲ್ಲೇ ಮಾತನಾಡಿಸಿ. ಅವರು ಕೇಳಿಸಿಕೊಳ್ಳುತ್ತಿರಬಹುದು.

ಮಾಡಿ ನೋಡಿ

1. ಒಬ್ಬರು ಕರೆದಾಗ ಮಾತ್ರ ಕಣ್ಣು ತೆರೆಯುತ್ತಾರೆ. ಮಾತನಾಡುತ್ತಾರೆ, ಆದರೆ ಇವತ್ತು ಯಾವ ವಾರ ಎಂದರೆ ತಪ್ಪು ಹೇಳುತ್ತಾರೆ. ‘ಕೈ ಎತ್ತಿ’ ಎಂದರೆ ಎತ್ತುತ್ತಾರೆ. ಅವರ ಜಿಸಿಎಸ್ ಎಷ್ಟು?

2. ಒಟ್ಟು 9 ಅಂಕ ಎಷ್ಟು ಬೇರೆ ಬೇರೆ ರೀತಿಗಳಲ್ಲಿ ಬರಬಹುದು? ಕನಿಷ್ಠ ಮೂರನ್ನು ಬರೆಯಿರಿ. ಆ ಮೂವರ ಸ್ಥಿತಿ ಒಂದೇ ಎನ್ನಬಹುದೆ?

3. ನಿಮ್ಮ ಊರಿನಲ್ಲಿ ಪ್ರಜ್ಞೆ ತಪ್ಪುವುದಕ್ಕೆ ಯಾವ ಯಾವ ಮಾತು ಬಳಸುತ್ತಾರೆ? ಹಿರಿಯರನ್ನು ಕೇಳಿ ಪಟ್ಟಿ ಮಾಡಿ. ಅವುಗಳಲ್ಲಿ ಎಚ್ಚರಕ್ಕೆ ಸೇರಿದವು ಯಾವುವು, ಅರಿವಿಗೆ ಸೇರಿದವು ಯಾವುವು ಎಂದು ವಿಂಗಡಿಸಿ.

ಮೊದಲ ಪ್ರಶ್ನೆಯ ಉತ್ತರ: 3 + 4 + 6 = 13.